ಚಿಲಕ ಹಾಕಿದ ಮೇಲೆ ಕಾಣುವ ಪಾಠ

ಮೊದಲ ಬಸ್ಸು ಇನ್ನೂ ಎಂಜಿನ್ ಬಿಸಿ ಮಾಡಿಕೊಳ್ಳುತ್ತಿದೆ. ನಿಲ್ದಾಣದ ಹಿಂಬದಿಯಲ್ಲಿರುವ ಹೆಂಗಸರ ಶೌಚಾಲಯದಲ್ಲಿ ಆಗಲೇ ದೀಪ ಹೊತ್ತಿದೆ, ನೀರು ಸುರಿಯುವ ಸದ್ದು ಕೇಳಿಸುತ್ತಿದೆ. ಮೊಣಕಾಲಿನವರೆಗೆ ರಬ್ಬರ್ ಬೂಟು, ಕೈಯಲ್ಲಿ ಗಿಡ್ಡ ಹಿಡಿಯ ಬ್ರಷ್ಷು, ಸೊಂಟಕ್ಕೆ ಬಿಗಿದ ಒರೆಸುವ ಬಟ್ಟೆ. ಐವತ್ತರ ಅಂಚಿನ ಹೆಂಗಸೊಬ್ಬರು ಆರು ಕೋಣೆಗಳನ್ನೂ ಸಾಲಾಗಿ ತಿಕ್ಕುತ್ತಿದ್ದಾರೆ. ನೆಲ ಮುಗಿದ ಮೇಲೆ ಬಾಗಿಲುಗಳ ಸರದಿ. ತುಕ್ಕು ಹಿಡಿದ ಹೊರಮೈಗೆ ಒಂದು ಸಲ ಬಟ್ಟೆ ಎಳೆದರೆ ಆಯಿತು. ಒಳಮೈಗೆ ಬಂದಾಗ ಮಾತ್ರ ಅವರ ಕೈ ನಿಧಾನವಾಗುತ್ತದೆ. ಬಟ್ಟೆಯನ್ನು ಹಿಂಡಿ, ನೀರಿಳಿಯದಂತೆ ಮಡಿಸಿ, ಕನ್ನಡಕದ ಗಾಜು ಒರೆಸುವ ಹಾಗೆ ಒರೆಸುತ್ತಾರೆ. ಅಲ್ಲಿ ಚಿತ್ರಗಳಿವೆ.

ಇವತ್ತು ಆ ಚಿತ್ರಗಳ ಕೊನೆಯ ದಿನ ಎಂದು ನಿಲ್ದಾಣದ ಕಂಟ್ರೋಲರ್ ಹೇಳಿದ್ದಾರೆ. ಬಿಸಿಲೇರುವ ಹೊತ್ತಿಗೆ ಪೇಂಟರ್ ಬರಬೇಕು. ಆರೂ ಬಾಗಿಲಿಗೆ ಬೂದು ಬಣ್ಣ ಬಳಿಯಬೇಕು.

"ಬರಲಿ, ನೋಡೋಣ" ಎನ್ನುತ್ತಾರೆ ಅವರು, ಬ್ರಷ್ಷನ್ನು ಬಕೆಟ್ಟಿನ ಅಂಚಿಗೆ ಬಡಿದು. "ಆರು ವರ್ಷದಿಂದ ಒರೆಸಿದೀನಿ. ಇವತ್ತೂ ಒರೆಸ್ತೀನಿ. ನಾಳೇನೂ ಒರೆಸ್ತೀನಿ."

ನಿಲ್ದಾಣದಲ್ಲಿ ಅವರನ್ನು ಎಲ್ಲರೂ ಕರೆಯುವುದು ಫಿನಾಯಿಲಕ್ಕ ಎಂದು. ಅವರಿಗಿಂತ ಮೊದಲು ಅವರ ವಾಸನೆ ಬರುತ್ತದೆ, ಅದಕ್ಕೇ. ಅವರಿಗೇನೂ ಬೇಸರವಿಲ್ಲ. "ಮಗಳ ಮದುವೇಲಿ ಸೆಂಟು ಹಾಕ್ಕೊಂಡಿದ್ದೆ. ಬೀಗಿತ್ತಿ ಬಂದು, ಅಕ್ಕಾ ಇಲ್ಲೇನೋ ಈಗಷ್ಟೇ ನೆಲ ಒರೆಸಿದ ಹಾಗಿದೆ ಅಂದ್ರು!"

ಹೊರಗಿನಿಂದ ನೋಡುವವರಿಗೆ ಇದು ಎಲ್ಲ ನಿಲ್ದಾಣಗಳ ಶೌಚಾಲಯದಂತೆಯೇ ಇದೆ. ಒಳಹೊಕ್ಕು, ಚಿಲಕ ಹಾಕಿ, ಕುಳಿತುಕೊಂಡರೆ ಕಣ್ಣಿನ ನೇರಕ್ಕೆ ಪಾಠ ಆರಂಭವಾಗುತ್ತದೆ. ಮೊದಲ ಬಾಗಿಲಿನ ಮೇಲೊಂದು ಬೋರಲು ಹಾಕಿದ ಹೂಜಿ: ಅದು ಗರ್ಭಕೋಶ. ಹೂಜಿಯ ಕೊರಳಿಗೆ ಕೆಂಪು ಗೆರೆ: ಅದು ಗರ್ಭಕೊರಳು, ಈ ಬಾಗಿಲುಗಳು ಎಚ್ಚರಿಸುವ ಕ್ಯಾನ್ಸರ್ ಹುಟ್ಟುವ ಜಾಗ. ಎರಡನೆಯ ಬಾಗಿಲಿನಲ್ಲಿ ಬಸ್ಸಿನ ಮಾರ್ಗದ ನಕ್ಷೆ. ಹೊರಡುವ ನಿಲ್ದಾಣ ಎಚ್‌ಪಿವಿ ಎಂಬ ವೈರಸ್. ಕೊನೆಯ ನಿಲ್ದಾಣ ಕ್ಯಾನ್ಸರ್. ನಡುವೆ ಹತ್ತು ಹದಿನೈದು ವರ್ಷಗಳ ದಾರಿ, ದಾರಿಯುದ್ದಕ್ಕೂ ಸಣ್ಣ ಸಣ್ಣ ತಂಗುದಾಣಗಳು. ಕೆಳಗೆ ದಪ್ಪ ಅಕ್ಷರ: 'ಹೆಚ್ಚಿನವರು ತಾವಾಗಿಯೇ ಇಳಿದುಬಿಡುತ್ತಾರೆ. ಇಳಿಯದವರನ್ನು ಪರೀಕ್ಷೆ ಇಳಿಸುತ್ತದೆ.' ಮೂರನೆಯದರಲ್ಲಿ ಮೂವತ್ತು ದಾಟಿದವರು ನೋವಿಲ್ಲದಿದ್ದರೂ ಪರೀಕ್ಷೆಗೆ ಹೋಗಬೇಕೆಂಬ ಮಾತಿದೆ. ನಾಲ್ಕನೆಯದರಲ್ಲಿ ಒಂಬತ್ತರಿಂದ ಹದಿನಾಲ್ಕು ವರ್ಷದೊಳಗೆ ಹೆಣ್ಣುಮಕ್ಕಳಿಗೆ ಹಾಕಿಸಬೇಕಾದ ಲಸಿಕೆ. ಐದನೆಯದರಲ್ಲಿ ರಸ್ತೆಯಾಚೆಯ ಆರೋಗ್ಯ ಕೇಂದ್ರಕ್ಕೆ ದಾರಿ. ಆರನೆಯ ಬಾಗಿಲಿನದೇ ತಕರಾರು. ಅದರ ಕಥೆ ಮುಂದೆ ಬರುತ್ತದೆ.

ಚಿತ್ರ ಬರೆದದ್ದು ಬಸ್ಸುಗಳಿಗೆ ಊರುಗಳ ಫಲಕ ಬರೆಯುವ ಪೇಂಟರ್. ನಿಲ್ದಾಣದಲ್ಲಿ ಅವರು ಬೋರ್ಡಣ್ಣ. ಗರ್ಭಕೋಶವನ್ನು ಅವರು ಮೊದಲ ಸಲ ಬರೆದಾಗ ಫಿನಾಯಿಲಕ್ಕ ಬಹಳ ಹೊತ್ತು ದಿಟ್ಟಿಸಿ, "ಇದ್ಯಾಕಣ್ಣ ಎಮ್ಮೆ ತಲೆ ಬರೆದಿದೀಯ?" ಎಂದರಂತೆ. ಬೋರ್ಡಣ್ಣ ಮುಖ ಕೆಂಪಗೆ ಮಾಡಿಕೊಂಡು, "ನಾನೇನು ನೋಡಿದೀನಾ ಅಕ್ಕ, ಪುಸ್ತಕದಲ್ಲಿ ಇದ್ದ ಹಾಗೆ ಬರೆದೆ" ಎಂದರಂತೆ. ಹೂಜಿ ಹೊಳೆದದ್ದು ಆಮೇಲೆ. ಚಿತ್ರ ಎಷ್ಟು ಎತ್ತರದಲ್ಲಿರಬೇಕು ಎಂಬುದನ್ನು ತೀರ್ಮಾನಿಸಲು ಫಿನಾಯಿಲಕ್ಕ ತಾವೇ ಒಳಗೆ ಹೋಗಿ, ಚಿಲಕ ಹಾಕಿ, ಕುಳಿತು, ಕಣ್ಣಿಗೆ ನೇರ ಬಂದ ಕಡೆ ಸೀಮೆಸುಣ್ಣದ ಗೀಟು ಎಳೆದಿದ್ದರು.

ಇಡೀ ವ್ಯವಸ್ಥೆ ನಿಂತಿರುವುದು ಈ ಚಿಲಕದ ಮೇಲೆ. ಹೆಂಗಸೊಬ್ಬಳು ಮನೆಯಲ್ಲಿ ಒಂಟಿಯಾಗಿರುವುದಿಲ್ಲ, ಬಸ್ಸಿನಲ್ಲಂತೂ ಇಲ್ಲ, ಆಸ್ಪತ್ರೆಯ ಸಾಲಿನಲ್ಲೂ ಇಲ್ಲ. ಯಾರೂ ಇಣುಕದೆ ಎರಡು ನಿಮಿಷ ಓದಲು ಅವಳಿಗೆ ಸಿಗುವ ಕೋಣೆ ಇದೊಂದೇ. ದಿನಕ್ಕೆ ಐದಾರು ನೂರು ಹೆಂಗಸರು ಇಲ್ಲಿ ಬಂದು ಹೋಗುತ್ತಾರೆ. ಅವರೊಡನೆ ಫಿನಾಯಿಲಕ್ಕ ಮಾತಾಡುವುದೂ ಬಾಗಿಲಿನ ಹೊರಗಿನಿಂದಲೇ, ನೆಲ ಒರೆಸುತ್ತಾ, ಮುಖ ನೋಡದೆ. "ಎದುರು ಕೂತ್ರೆ ಎಲ್ಲರೂ ಚೆನ್ನಾಗೇ ಇರ್ತಾರೆ. ಚಿಲಕ ಹಾಕ್ಕೊಂಡ ಹೆಂಗಸು ಮಾತ್ರ ಸುಳ್ಳು ಹೇಳಲ್ಲ."

ಬೆಳಗಿನ ಎರಡನೆಯ ಬಸ್ಸು ಬಂದು ನಿಂತ ಸ್ವಲ್ಪ ಹೊತ್ತಿಗೆ ಮೂರನೆಯ ಕೋಣೆಯಿಂದ ತಗ್ಗಿದ ದನಿ ಬರುತ್ತದೆ.

"ಅಕ್ಕಾ, ಒಂದು ಪ್ಯಾಡ್ ಸಿಗುತ್ತಾ?"

ದನಿಗೆ ವಯಸ್ಸಾಗಿದೆ. ಫಿನಾಯಿಲಕ್ಕನ ಕೈಯ ಒರಸು ಕೋಲು ನಿಲ್ಲುತ್ತದೆ. "ಮಗಳಿಗಾ ಅಮ್ಮಾ, ನಿಮಗಾ?"

"ನನಗೇ."

"ಮುಟ್ಟು ನಿಂತು ಎಷ್ಟು ವರ್ಷ ಆಯ್ತು?"

ನಲ್ಲಿ ತೊಟ್ಟಿಕ್ಕುವ ಸದ್ದು. "ಆರು ವರ್ಷ ಆಗಿರಬೇಕು. ಉಷ್ಣ ಅಷ್ಟೇ ಕಣಮ್ಮ, ಎರಡು ತಿಂಗಳಿಂದ ಹೀಗೇ."

"ಉಷ್ಣಾನೋ ಶೀತಾನೋ, ಅದನ್ನ ರಸ್ತೆಯಾಚೆ ನರ್ಸಮ್ಮ ನೋಡಿ ಹೇಳ್ಲಿ. ನಿಂತ ಮೇಲೆ ಬಂದದ್ದು ಮುಟ್ಟಲ್ಲ. ನಾನು ಹೆದರಿಸ್ತಿಲ್ಲಮ್ಮ. ರಕ್ತ ಬರೋಕೆ ನೂರು ಕಾರಣ ಇರುತ್ತೆ. ಸುಮ್ಮನೆ ಕೂರೋಕೆ ಮಾತ್ರ ಒಂದೂ ಕಾರಣ ಇಲ್ಲ."

"ಮನೇಲಿ ಮಗ ಕಾಯ್ತಿರ್ತಾನೆ..."

"ಕಾಯ್ಲಿ ಬಿಡಿ. ನೀವು ಅವನನ್ನ ಒಂಬತ್ತು ತಿಂಗಳು ಕಾಯ್ಲಿಲ್ವಾ?"

ಒಳಗಿನಿಂದ ಅಳುವಿನ ನಡುವೆಯೇ ಸಣ್ಣ ನಗು. ಬಾಗಿಲಿನ ಕೆಳಗಿನ ಸಂದಿಯಿಂದ ಪ್ಯಾಡ್ ಒಳಗೆ ಹೋಗುತ್ತದೆ. ಆಕೆ ಹೊರಬಂದಾಗ ಫಿನಾಯಿಲಕ್ಕ ಗೋಡೆಯ ಕಡೆಗೆ ತಿರುಗಿ ಬಕೆಟ್ ತುಂಬಿಸುತ್ತಿದ್ದಾರೆ. ಮುಖ ನೋಡುವುದಿಲ್ಲ ಎಂಬ ಒಪ್ಪಂದವನ್ನು ಅವರು ಮುರಿಯುವುದಿಲ್ಲ. ಆಕೆ ರಸ್ತೆ ದಾಟಿ ಎಡಕ್ಕೆ ಹೊರಳಿದಳೋ ಬಲಕ್ಕೋ ಎಂಬುದನ್ನು ಮಾತ್ರ ಕಿಟಕಿಯ ಸರಳುಗಳ ನಡುವೆ ನೋಡುತ್ತಾರೆ. ಎಡಕ್ಕೆ ಆರೋಗ್ಯ ಕೇಂದ್ರ. ಇವತ್ತು ಎಡಕ್ಕೆ.

ಇದನ್ನೆಲ್ಲ ಅವರು ಪುಸ್ತಕದಿಂದ ಕಲಿತದ್ದಲ್ಲ. ಅವರಿಗೊಬ್ಬ ಅಕ್ಕ ಇದ್ದರು. ಇಬ್ಬರೂ ಇದೇ ನಿಲ್ದಾಣದಲ್ಲಿ ಕಸ ಗುಡಿಸುತ್ತಿದ್ದರು, ಒಂದೇ ಬುತ್ತಿಯಲ್ಲಿ ಉಣ್ಣುತ್ತಿದ್ದರು. ಅಕ್ಕನಿಗೆ ಎರಡು ವರ್ಷ ಹೊತ್ತಲ್ಲದ ಹೊತ್ತಿನಲ್ಲಿ ರಕ್ತ ಹೋಗುತ್ತಿತ್ತು. ಹಾಸಿಗೆಯ ಬಟ್ಟೆಯನ್ನು ಬೆಳಗಾಗುವ ಮೊದಲೇ ಒಗೆದು ಹಾಕುತ್ತಿದ್ದರು, ತಂಗಿಗೂ ಹೇಳಲಿಲ್ಲ. ಸೊಂಟದ ನೋವು ಕಾಲಿಗೆ ಇಳಿದ ಮೇಲೆ ದೊಡ್ಡಾಸ್ಪತ್ರೆಗೆ ಹೋದರು. ಆಗ ಕಾಯಿಲೆ ಕೊರಳನ್ನು ದಾಟಿ ಒಳಕ್ಕೆಲ್ಲ ಹಬ್ಬಿತ್ತು. ಸತ್ತಾಗ ಅಕ್ಕನ ಅತ್ತೆ, ಬಂದವರಿಗೆಲ್ಲ ಹೊಟ್ಟೆಯ ಹುಣ್ಣು ಎಂದು ಹೇಳಿದರು.

"ಕಾಯಿಲೆ ಹೆಸರು ಹೇಳಿದ್ರೆ ನಡತೆ ಬಗ್ಗೆ ಮಾತಾಡ್ತಾರಂತೆ" ಎನ್ನುತ್ತಾರೆ ಫಿನಾಯಿಲಕ್ಕ. ಇಲ್ಲಿಯವರೆಗೆ ತಮಾಷೆಯಾಡುತ್ತಿದ್ದ ದನಿ ಗಟ್ಟಿಯಾಗುತ್ತದೆ. "ಹೆಣ ಹೊರೋಕೆ ನಾಚಿಕೆ ಇಲ್ಲ, ಹೆಸರು ಹೇಳೋಕೆ ನಾಚಿಕೆ! ನಮ್ಮಕ್ಕ ಒಬ್ಬನ್ನ ಬಿಟ್ಟು ಇನ್ನೊಬ್ಬನ ನೆರಳು ನೋಡಿದವಳಲ್ಲ. ನೋಡಿದ್ರೂ ಏನೀಗ? ವೈರಸ್ಸಿಗೆ ನಡತೆ ಗೊತ್ತಾ? ಅದು ಗಂಡಸಿಂದ ಹೆಂಗಸಿಗೆ, ಹೆಂಗಸಿಂದ ಗಂಡಸಿಗೆ ಹೋಗುತ್ತೆ, ಬರುತ್ತೆ. ಹೆಚ್ಚುಕಡಿಮೆ ಎಲ್ಲರ ಮೈಯಲ್ಲೂ ಒಂದಲ್ಲ ಒಂದು ಸಲ ಇದ್ದು ಹೋಗುತ್ತೆ. ಗೊತ್ತೂ ಆಗಲ್ಲ."

ಅಕ್ಕ ಹೋದ ವರ್ಷವೇ ಅವರು ತಾವೇ ರಸ್ತೆ ದಾಟಿ ಪರೀಕ್ಷೆ ಮಾಡಿಸಿಕೊಂಡರು. "ಏನಿಲ್ಲ, ಒಂದು ಮೆತ್ತನೆ ಕಡ್ಡಿ. ಬಸ್ಸಲ್ಲಿ ಸೀಟು ಹಿಡಿಯೋಷ್ಟು ಹೊತ್ತೂ ಆಗಲಿಲ್ಲ" ಎಂದು ಅದನ್ನು ನೆನೆಯುತ್ತಾರೆ. ಮರಳಿ ಬಂದು ಮೊದಲು ಮಾತಾಡಿಸಿದ್ದು ತಮ್ಮ ಜೊತೆಗಾರ್ತಿಯರನ್ನು. ಗುಡಿಸುವವರು, ಹೂಕೋಸು ಮಾರುವಾಕೆ, ಟಿಕೆಟ್ ಕೊಡುವ ಕಂಡಕ್ಟರಮ್ಮ, ಹೀಗೆ ಹನ್ನೆರಡು ಮಂದಿಯನ್ನು ಒಪ್ಪಿಸಿ ಕಳಿಸಿದರು.

ಆಗಲೇ ಒಂದು ತಪ್ಪು ನಡೆದದ್ದು. ಶುಚಿಯೇ ಬದುಕಾದವರಿಗೆ ಮಾತ್ರ ಸಾಧ್ಯವಾಗುವ ತಪ್ಪು ಅದು. ನರ್ಸಮ್ಮನೆದುರು ಯಾರಿಗೂ ಅವಮಾನವಾಗಬಾರದು ಎಂದು ಫಿನಾಯಿಲಕ್ಕ ಹನ್ನೆರಡೂ ಮಂದಿಗೆ ಹೊಸ ಸೋಪು ಕೊಟ್ಟು, "ಒಳಗೂ ಹೊರಗೂ ಚೆನ್ನಾಗಿ ತೊಳ್ಕೊಂಡು ಹೋಗಿ, ನಮ್ಮ ನಿಲ್ದಾಣದ ಮರ್ಯಾದೆ ಪ್ರಶ್ನೆ" ಎಂದಿದ್ದರು. ಅವರೂ ಶ್ರದ್ಧೆಯಿಂದ ತೊಳೆದುಕೊಂಡು ಹೋದರು. ಪರೀಕ್ಷೆಗೆ ಬೇಕಾಗಿದ್ದದ್ದು ಗರ್ಭಕೊರಳಿನ ಮೇಲ್ಪದರದ ಕೋಶಗಳು. ಅವು ಸೋಪಿನ ನೊರೆಯೊಡನೆ ಹರಿದುಹೋಗಿದ್ದವು. ಹೆಚ್ಚಿನ ಮಾದರಿಗಳು ಓದಲು ಬರುವುದಿಲ್ಲವೆಂದು ಪ್ರಯೋಗಾಲಯದಿಂದ ಹಿಂದಿರುಗಿದವು.

ನರ್ಸಮ್ಮ ತಾವೇ ರಸ್ತೆ ದಾಟಿ ಬಂದರಂತೆ. "ಯಾರಮ್ಮ ಇವರಿಗೆಲ್ಲ ಸೋಪು ಹಚ್ಚಿದ್ದು?"

"ನಾನೇ ಮೇಡಂ. ಕ್ಲೀನಾಗಿರ್ಲಿ ಅಂತ..."

"ನಿನ್ನ ನೆಲ ನೀನು ತಿಕ್ಕು ತಾಯಿ. ಅವರನ್ನ ಮಾತ್ರ ನನಗೆ ಇದ್ದ ಹಾಗೇ ಕಳಿಸು!"

ಒಮ್ಮೆ ಒಪ್ಪಿಸುವುದೇ ಕಷ್ಟ; ಎರಡನೆಯ ಸಲ ಒಪ್ಪಿಸುವುದು ಗಾಯದ ಮೇಲೆ ಬರೆ. ಫಿನಾಯಿಲಕ್ಕ ಒಬ್ಬೊಬ್ಬರ ಮನೆಗೂ ಹೋಗಿ ತಪ್ಪೊಪ್ಪಿಕೊಂಡರು. ಹೂಕೋಸು ಮಾರುವಾಕೆ ಬಾಗಿಲನ್ನೇ ತೆರೆಯಲಿಲ್ಲ. ಉಳಿದವರು ಬೈದು, ನಕ್ಕು, ಮತ್ತೆ ಹೋದರು. ಕಂಡಕ್ಟರಮ್ಮನ ಗರ್ಭಕೊರಳಿನಲ್ಲಿ ಬದಲಾವಣೆ ಕಂಡದ್ದು ಆ ಎರಡನೆಯ ಸಲದ ಪರೀಕ್ಷೆಯಲ್ಲಿ.

ಇನ್ನೊಬ್ಬರು ಹಾಗೆ ತೊಳೆದುಕೊಂಡು ಹೋಗಬಾರದೆಂದು ಫಿನಾಯಿಲಕ್ಕ ಆರನೆಯ ಬಾಗಿಲಿನ ಮೇಲೆ ಕೆಂಪಕ್ಷರದಲ್ಲಿ ಬರೆಸಿದರು: 'ಪರೀಕ್ಷೆಗೆ ಎರಡು ದಿನ ಮುಂಚಿನಿಂದ ಒಳಭಾಗ ತೊಳೆಯಬೇಡಿ. ಒಳಗೆ ಔಷಧಿ ಇಡಬೇಡಿ. ಗಂಡನ ಜೊತೆ ಮಲಗಬೇಡಿ.'

ಆ ಮೂರನೆಯ ವಾಕ್ಯ ಹೋದ ವಾರ ಒಂದು ಮನೆಗೆ ತಲುಪಿತು. ಮರುದಿನ ಒಬ್ಬ ಗಂಡಸು ಕಂಟ್ರೋಲರ್ ಕೋಣೆಗೆ ನುಗ್ಗಿ ಮೇಜು ಗುದ್ದಿದ. "ಏನ್ರೀ ಇದು? ನಿಮ್ಮ ಕಕ್ಕಸಿನ ಬಾಗಿಲು ನನ್ನ ಹೆಂಡತಿಗೆ ಬೇರೆ ಮಲಗು ಅಂತ ಹೇಳಿಕೊಡುತ್ತಾ?" ಕೋಣೆಯಲ್ಲಿದ್ದ ಡ್ರೈವರುಗಳು ನಕ್ಕರು. ಕಂಟ್ರೋಲರಿಗೆ ನಗು ಬರಲಿಲ್ಲ. ಸಂಜೆಯೊಳಗೆ ಅಪ್ಪಣೆ ಹೊರಟಿತು: ಬಾಗಿಲುಗಳ ಮೇಲಿನ ಅಸಭ್ಯ ಚಿತ್ರ, ಬರಹಗಳನ್ನು ಅಳಿಸತಕ್ಕದ್ದು, ಅಡ್ಡಿಪಡಿಸಿದರೆ ಕೆಲಸಕ್ಕೆ ಬೇರೆಯವರನ್ನು ನೇಮಿಸಲಾಗುವುದು.

ಬಿಸಿಲೇರಿದೆ. ಬೂದು ಬಣ್ಣದ ಡಬ್ಬ, ಅಗಲ ಬ್ರಷ್ಷು ಹಿಡಿದು ಬೋರ್ಡಣ್ಣ ಬಂದು ನಿಂತಿದ್ದಾರೆ. ಅಳಿಸುವ ಕೆಲಸವೂ ಬರೆದವರ ಪಾಲಿಗೇ ಬಂದಿದೆ. ಅವರ ಮುಖ ಬಣ್ಣಕ್ಕಿಂತ ಬೂದಾಗಿದೆ.

"ಅಕ್ಕ, ನನ್ನ ಮೇಲೆ ಸಿಟ್ಟು ಮಾಡ್ಕೋಬೇಡ."

"ನಿನ್ನ ಮೇಲೆ ಯಾಕೆ ಸಿಟ್ಟು? ಒಳಗೆ ಯಾರೂ ಇಲ್ಲದಿದ್ರೆ ಹೋಗಿ ಬಳಿ."

ಬೋರ್ಡಣ್ಣ ಹೊಸ್ತಿಲಲ್ಲೇ ನಿಂತು ಕೂಗುತ್ತಾರೆ: "ಯಾರಾದ್ರೂ ಇದ್ದೀರಾಮ್ಮ?"

"ಒಳಗಿದ್ದೀನಿ!" ಒಂದನೆಯ ಬಾಗಿಲು.

"ಒಳಗಿದ್ದೀನಿ!" ಎರಡನೆಯದು. ಮೂರು, ನಾಲ್ಕು, ಐದು. ಆರನೆಯದರಿಂದ ಕಂಡಕ್ಟರಮ್ಮನ ಪರಿಚಿತ ಕಂಠ, ಬಸ್ಸಿನಲ್ಲಿ ಕೂಗುವಷ್ಟೇ ಗಟ್ಟಿಯಾಗಿ: "ಒಳಗಿದ್ದೀನಿ, ಸದ್ಯಕ್ಕೆ ಇಳಿಯಲ್ಲ!"

ಬೋರ್ಡಣ್ಣ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂರುತ್ತಾರೆ. ಮುಖಕ್ಕೆ ಬಣ್ಣ ಮರಳುತ್ತಿದೆ. ಬಸ್ಸುಗಳು ಬರುತ್ತವೆ, ಹೋಗುತ್ತವೆ. ಒಬ್ಬಾಕೆ ಹೊರಬಂದರೆ ಇನ್ನೊಬ್ಬಾಕೆ ಒಳಹೊಗುತ್ತಾಳೆ; ನಿಜಕ್ಕೂ ಅವಸರವಿದ್ದವರಿಗೆ ಕೋಣೆ ಬಿಟ್ಟುಕೊಟ್ಟು, ಅವರು ಹೊರಬಂದೊಡನೆ ಮತ್ತೆ ಸೇರಿಕೊಳ್ಳುತ್ತಾರೆ. ಚಿಲಕಗಳು ಟಕ್ಕನೆ ಬೀಳುತ್ತವೆ. ಕಾಲೇಜಿನ ಹುಡುಗಿಯರಿಗೆ ವಿಷಯ ತಿಳಿದು ಒಂದು ತರಗತಿಯೇ ಸಾಲಿಗೆ ನಿಲ್ಲುತ್ತದೆ. ಯಾರೋ ಬೋರ್ಡಣ್ಣನಿಗೆ ಚಹಾ ತಂದುಕೊಡುತ್ತಾರೆ. "ನಿಮಗೂ ಒಂದು ನಂಬರ್ ಕೊಡೋಣ್ವಾ ಅಣ್ಣ?" ಎಂದು ಹುಡುಗಿಯೊಬ್ಬಳು ಕೆಣಕುತ್ತಾಳೆ.

ಮಧ್ಯಾಹ್ನ ಕಂಟ್ರೋಲರ್ ತಾವೇ ಬರುತ್ತಾರೆ. ಬಂದರೂ ಹೊಸ್ತಿಲು ದಾಟುವಂತಿಲ್ಲ. ಹೊರಗೆ ನಿಂತು, ಗಂಟಲು ಸರಿಮಾಡಿಕೊಂಡು, "ಏನಿದು ನಾಟಕ?" ಎನ್ನುತ್ತಾರೆ.

"ನಾಟಕ ಅಲ್ಲ ಸಾರ್, ಅವಸರ" ಎನ್ನುತ್ತಾರೆ ಫಿನಾಯಿಲಕ್ಕ.

"ನೋಡಮ್ಮ, ಜನ ಅಸಹ್ಯ ಪಡ್ತಾರೆ. ಎಲ್ಲದಕ್ಕೂ ಒಂದು ಜಾಗ ಅಂತ ಇರುತ್ತೆ."

"ಇದಕ್ಕೆ ಯಾವ ಜಾಗ ಸಾರ್? ಮನೇಲಿ ಹೇಳಿದ್ರೆ ಮಕ್ಕಳಿದ್ದಾರೆ ಅಂತೀರಿ. ಬೀದೀಲಿ ಹೇಳಿದ್ರೆ ಮರ್ಯಾದೆ ಅಂತೀರಿ. ಕಕ್ಕಸಲ್ಲಿ ಹೇಳಿದ್ರೂ ಅಸಹ್ಯ ಅಂದ್ರೆ, ಸುಡುಗಾಡಲ್ಲಿ ಹೇಳ್ಲಾ? ನಮ್ಮಕ್ಕನಿಗೆ ಅಲ್ಲೇ ಹೇಳ್ಬೇಕಾಯ್ತು."

ಆಗ ಆರನೆಯ ಬಾಗಿಲಿನ ಒಳಗಿನಿಂದ ದನಿ ಬರುತ್ತದೆ. ಈ ಸಲ ಅದು ಬಸ್ಸಿನಲ್ಲಿ ಕೂಗುವ ದನಿಯಲ್ಲ.

"ಸಾರ್, ನಾನು ಯಾರು ಅಂತ ನಿಮಗೆ ಗೊತ್ತು. ಮುಖ ತೋರಿಸಿ ಹೇಳೋಕೆ ನನಗಾಗಲ್ಲ, ಅದಕ್ಕೇ ಇಲ್ಲಿಂದ ಹೇಳ್ತೀನಿ. ಎರಡು ವಾರ ರಜಾ ಕೇಳಿದಾಗ ಸೊಂಟ ಉಳುಕಿದೆ ಅಂತ ಬರೆದುಕೊಟ್ಟಿದ್ದೆ. ಉಳುಕಿರಲಿಲ್ಲ. ಗರ್ಭದ ಕೊರಳಲ್ಲಿ ಕ್ಯಾನ್ಸರಾಗೋಕೆ ಹೊರಟಿದ್ದ ಜಾಗ ಇತ್ತು. ಸುಟ್ಟು ತೆಗೆದರು, ಅದೇ ದಿನ ಮನೆಗೆ ಬಂದೆ. ಫಿನಾಯಿಲಕ್ಕ ಎರಡನೇ ಸಲ ಮನೆ ಬಾಗಿಲಿಗೆ ಬಂದು ಕಾಡದೇ ಇದ್ದಿದ್ರೆ ನಿಮ್ಮ ಬಸ್ಸಿಗೆ ಇವತ್ತು ಬೇರೆ ಕಂಡಕ್ಟರ್ ಇರ್ತಿದ್ಲು. ಈಗ ಬಣ್ಣ ಎಲ್ಲಿಗೆ ಹೊಡೀಬೇಕು ಹೇಳಿ, ಬಾಗಿಲು ತೆಗೀತೀನಿ."

ಮೂರನೆಯ ಬಾಗಿಲಿನ ಹಿಂದೆ ಇನ್ನೊಂದು ದನಿ, ಎರಡನೆಯದರ ಹಿಂದೆ ಮತ್ತೊಂದು, ಐದನೆಯದರ ಹಿಂದೆ ಮಗದೊಂದು: "ನಾನೂ ಹೋಗಿದ್ದೆ ಸಾರ್." "ನಮ್ಮತ್ತಿಗೇನ ಕರ್ಕೊಂಡು ಹೋಗಿದ್ದೆ." "ನನ್ನ ಮಗಳಿಗೆ ಲಸಿಕೆ ಹಾಕಿಸ್ದೆ."

ಕಂಟ್ರೋಲರ್ ಟೋಪಿ ತೆಗೆದು ಹಣೆ ಒರೆಸಿಕೊಳ್ಳುತ್ತಾರೆ. ಕೊನೆಗೆ ಫಿನಾಯಿಲಕ್ಕನ ಕಡೆ ತಿರುಗುತ್ತಾರೆ. "ಅಪ್ಪಣೆ ಅಪ್ಪಣೆಯೇ. ನಾಳೆ ನಿನ್ನ ಜಾಗಕ್ಕೆ ಇನ್ನೊಬ್ಬಳು ಬಂದ್ರೆ ಏನು ಮಾಡ್ತೀಯ?"

"ಬರ್ಲಿ ಸಾರ್. ಬ್ರಷ್ಷು ಕೊಡ್ತೀನಿ, ಬೂಟು ಕೊಡ್ತೀನಿ. ಅವಳೂ ಹೆಂಗಸೇ ತಾನೇ? ಮೂವತ್ತು ದಾಟಿದ್ರೆ ಮೊದಲು ಅವಳನ್ನೇ ರಸ್ತೆ ದಾಟಿಸ್ತೀನಿ."

ಸಾಲಿನಲ್ಲಿದ್ದ ಹುಡುಗಿಯರು ಚಪ್ಪಾಳೆ ತಟ್ಟುತ್ತಾರೆ. ಕಂಟ್ರೋಲರ್ ಬೋರ್ಡಣ್ಣನ ಡಬ್ಬವನ್ನು, ತುಕ್ಕು ಹಿಡಿದ ಬಾಗಿಲುಗಳನ್ನು, ತಮ್ಮ ಕೈಗಡಿಯಾರವನ್ನು ಒಂದಾದ ಮೇಲೊಂದರಂತೆ ನೋಡುತ್ತಾರೆ. "ಹೊರಗಡೆಗೆ ಬಳಿದು ಮುಗಿಸಿ" ಎಂದು ಬೋರ್ಡಣ್ಣನಿಗೆ ಹೇಳುತ್ತಾರೆ. "ಒಳಗಡೆ ವಿಷಯ... ನಾನು ಒಳಗೆ ಹೋಗಿ ನೋಡೋಕಾಗುತ್ತಾ? ಆಗಲ್ಲ." ತಿರುಗಿ ನಡೆದವರು ನಾಲ್ಕು ಹೆಜ್ಜೆ ಹೋಗಿ ನಿಂತು, ಹಿಂದಿರುಗಿ ನೋಡದೆ ಕೇಳುತ್ತಾರೆ: "ಆ ಕೇಂದ್ರ ಎಷ್ಟು ಹೊತ್ತಿನವರೆಗೆ ತೆರೆದಿರುತ್ತೆ?"

"ನಾಲ್ಕು ಗಂಟೆವರೆಗೆ ಸಾರ್. ಅಮ್ಮಾವ್ರಿಗೆ ಹೇಳಿ, ಸೋಪು ಹಾಕ್ಕೊಂಡು ಬರಬೇಡಿ ಅಂತ!"

ಸಂಜೆಯ ಹೊತ್ತಿಗೆ ಆರು ಬಾಗಿಲುಗಳ ಹೊರಮೈ ಹೊಸದಾಗಿ ಹೊಳೆಯುತ್ತಿದೆ. ಒಳಗೆ ಹೂಜಿ ಹೂಜಿಯಾಗಿಯೇ ಇದೆ. ಕೆಂಪಕ್ಷರ ಕೆಂಪಾಗಿಯೇ ಇದೆ. ಅಪ್ಪಣೆ ಮಾತ್ರ ಇನ್ನೂ ರದ್ದಾಗಿಲ್ಲ. ಮೇಲಿನವರು ನಾಳೆ ಏನನ್ನುತ್ತಾರೋ ಯಾರಿಗೂ ತಿಳಿಯದು. ಫಿನಾಯಿಲಕ್ಕನಿಗೆ ಆ ಚಿಂತೆಯಿದ್ದಂತಿಲ್ಲ. ಬೂಟು ಕಳಚಿ, ಮೆಟ್ಟಿಲ ಮೇಲೆ ಕುಳಿತು, ಕಾಲು ಚಾಚಿದ್ದಾರೆ. ಪಕ್ಕದಲ್ಲಿ ಬೋರ್ಡಣ್ಣ ಡಬ್ಬದ ಮುಚ್ಚಳ ಬಡಿಯುತ್ತಿದ್ದಾರೆ.

"ಇರು, ಕೆಲಸ ಮುಗಿದಿಲ್ಲ" ಎನ್ನುತ್ತಾರೆ ಫಿನಾಯಿಲಕ್ಕ. "ನಿನ್ನ ಹತ್ರ ಕೆಂಪು ಬಣ್ಣ ಎಷ್ಟಿದೆ?"

"ಅರ್ಧ ಡಬ್ಬ ಇದೆ. ಯಾಕಕ್ಕಾ?"

ಅವರು ಗದ್ದವೆತ್ತಿ ಗೋಡೆಯಾಚೆ ತೋರಿಸುತ್ತಾರೆ. ಅಲ್ಲಿ ಗಂಡಸರ ಶೌಚಾಲಯ. ದಿನವೂ ಮೊದಲ ಬಸ್ಸಿಗಿಂತ ಮುಂಚೆ ಅದನ್ನೂ ತೊಳೆಯುವವರು ಇವರೇ.

"ಆ ಕಡೇನೂ ಆರು ಬಾಗಿಲಿದೆ. ಒಳಗಡೆ ಎಲ್ಲ ಖಾಲಿ. ನನಗಿರೋದು ಅದೊಂದೇ ಆಸೆ. ನಾಳೆ ಬೆಳಕು ಹರಿಯೋಕೆ ಮುಂಚೆ ಬಾ."

ಬೋರ್ಡಣ್ಣ ತಲೆ ಕೆರೆದುಕೊಳ್ಳುತ್ತಾರೆ. "ಅಲ್ಲಿ ಏನು ಬರೀಲಿ? ಅವರಿಗೆ ಹೂಜಿ ಎಲ್ಲಿದೆ?"

"ಹೂಜಿ ಬೇಡ. ಎರಡನೇ ಬಾಗಿಲಿನ ವೈರಸ್ ಬಸ್ಸಿನ ದಾರಿ ಬರಿ" ಎನ್ನುತ್ತಾರೆ ಫಿನಾಯಿಲಕ್ಕ, ಬೂಟನ್ನು ಮತ್ತೆ ಕಾಲಿಗೆ ಏರಿಸುತ್ತಾ. "'ಈ ಬಸ್ಸು ಇಲ್ಲಿಂದಲೂ ಹೊರಡುತ್ತೆ' ಅಂತ ಬರಿ."